ಅಪ್ಪನ ಕಿವಿ

ಅಪ್ಪ ಗಡ್ಡ ಬೋಳಿಸಿಕೊಳ್ಳುತ್ತಿದ್ದದ್ದು ಭಾನುವಾರ ಮಾತ್ರ. ಬಸ್ಸು ಓಡಿಸುವ ಕೆಲಸ ಬಿಟ್ಟ ಮೇಲೆ, ತನ್ನ ಅಕ್ಕನ ಮನೆಗೆಂದು ಟೆಲ್ಫರ್ಡಿಗೆ ಹೋದ ಅಮ್ಮ ಅಲ್ಲೇ ಉಳಿದುಬಿಟ್ಟ ಮೇಲೆ, ವಾರದ ಉಳಿದ ದಿನಗಳಲ್ಲಿ ಅವನಿಗೆ ಕನ್ನಡಿಯ ಅಗತ್ಯವೇ ಬೀಳುತ್ತಿರಲಿಲ್ಲ. ಟಿವಿಯ ಸದ್ದು ಅಡಗಿಸಿ ಅದರ ಮುಂದೆ ಕೂತಿರುತ್ತಿದ್ದ. ಏನು ಕೇಳಿದರೂ 'ಹ್ಞೂಂ' ಅನ್ನುತ್ತಿದ್ದ. ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಹಾರ್ಡ್ ಡಿಸ್ಕನ್ನು ಕೋಟಿನ ಒಳಜೇಬಿಗೆ ಇಳಿಸಿ, ಕಾಲುವೆಯ ದಂಡೆಯ ಮೇಲೆ ನನಗಿಂತ ಮುಂದೆ ಮುಂದೆ ನಡೆಯುತ್ತಿದ್ದ. ಅವನ ಬೆನ್ನು ನೆಟ್ಟಗಾಗುತ್ತಿದ್ದದ್ದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ.

ನಾವು ಹೋಗುತ್ತಿದ್ದದ್ದು ನಮ್ಮೂರಾದ ಟಿಪ್ಟನ್ನಿನ 'ನೈಲರ್ಸ್' ಪಬ್ಬಿಗೆ. ಶಾಲೆ ಬಿಟ್ಟಾಗಿನಿಂದ ನಾನು ಅಲ್ಲಿಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಭಾನುವಾರ ಮಧ್ಯಾಹ್ನ ಹಿಂದಿನ ಕೋಣೆಯ ಗಂಡಸರಿಗೆ ಚಹಾ ಕೊಡುವುದೂ ನನ್ನದೇ ಕೆಲಸ. ಹಿಂದೆ ಪಾರಿವಾಳ ಸಾಕುವವರು ಸಭೆ ಸೇರುತ್ತಿದ್ದ ಆ ಕೋಣೆಯಲ್ಲಿ ಈಗ ಈ ಗುಂಪು ನಡೆಸುವ ರೇಮಂಡ್ ತಾವೇ ಮರ ಕುಯ್ದು ಮಾಡಿದ, ಬೀರುವಿನಷ್ಟು ಎತ್ತರದ ಎರಡು ಸ್ಪೀಕರುಗಳಿದ್ದವು. ಪರದೆ ಎಳೆದು, ಸುತ್ತ ಕುರ್ಚಿ ಹಾಕಿಕೊಂಡು, ತಾವು ಹುಡುಗರಾಗಿದ್ದಾಗ ಕೊಂಡ ರಾಕ್ ರೆಕಾರ್ಡುಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದರು. ಎಲ್ಲರೂ ಎರಕದ ಕಾರ್ಖಾನೆಯಲ್ಲೋ ಬಸ್ ಡಿಪೋದಲ್ಲೋ ದುಡಿದು ನಿವೃತ್ತರಾದವರು. ಅವರು ಕೇಳುತ್ತಿದ್ದ ಸಂಗೀತ ಕೂಡ ಇದೇ ಬೀದಿಗಳಲ್ಲಿ, ಇಂಥವೇ ಪಬ್ಬುಗಳಲ್ಲಿ ಹುಟ್ಟಿದ್ದು.

ರೆಕಾರ್ಡುಗಳನ್ನು ಅಲ್ಲಿಗೆ ಹೊತ್ತು ತರುತ್ತಿರಲಿಲ್ಲ. ಮನೆಯಲ್ಲಿ ಮುಳ್ಳಿಟ್ಟು ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡು ಬರುತ್ತಿದ್ದರು. ಆದರೆ ಫೋನಿನಲ್ಲಿ ಎಲ್ಲರೂ ಕೇಳುವಂಥ ಚಿಕ್ಕ ಫೈಲು ಅಲ್ಲಿ ನಡೆಯುತ್ತಿರಲಿಲ್ಲ. ಚಿಕ್ಕದು ಮಾಡುವಾಗ ಅದು ಸದ್ದಿನ ಒಂದಷ್ಟು ಭಾಗವನ್ನು ಎಸೆದುಬಿಡುತ್ತದೆ. ಏನನ್ನೂ ಎಸೆಯದ, ಮುಳ್ಳು ಮುಟ್ಟಿದ್ದಷ್ಟನ್ನೂ ಉಳಿಸಿಕೊಳ್ಳುವ ದೊಡ್ಡ ಫೈಲೇ ಬೇಕು. ತಂದವನು ನುಡಿಸುವ ಮೊದಲು ಎದ್ದು ನಿಂತು "ರೆಕಾರ್ಡು ನಂದು, ಇಳಿಸಿದ್ದು ನಾನು" ಅನ್ನಬೇಕು. ಚರ್ಚಿನಲ್ಲಿ ಹೇಳಿದಷ್ಟೇ ಗಂಭೀರವಾಗಿ ಹೇಳುತ್ತಿದ್ದರು. ಫೈಲಿಗೆ ಮಗ್ಗುಲಿಲ್ಲದಿದ್ದರೂ ರೆಕಾರ್ಡಿನ ಮೊದಲ ಮಗ್ಗುಲು ಮುಗಿಯುವ ಜಾಗದಲ್ಲಿ ರೇಮಂಡ್ ಎದ್ದು ನಿಲ್ಲಿಸುತ್ತಿದ್ದರು. ಆಗ ನಾನು ಚಹಾ ಕೊಡಬೇಕು. ಅಲ್ಲಿಯವರೆಗೆ ಯಾರೂ ಮಾತಾಡುವಂತಿಲ್ಲ. ಆ ಕೋಣೆಯ ಈ ಒಂದು ನಿಯಮ ನನಗೆ ತುಂಬ ಹಿಡಿಸಿತ್ತು.

ಅಪ್ಪನಿಗೆ, ಅವರೆಲ್ಲರ ಮೆಲ್‌ಗೆ, ಅಲ್ಲಿ ಇದ್ದ ಮರ್ಯಾದೆ ಅವನ ಕಿವಿಯಿಂದ ಬಂದದ್ದು. ಯಾರ ಫೈಲಾದರೂ ನುಡಿದು ಮುಗಿದ ಮೇಲೆ ಎಲ್ಲರೂ ಅವನ ಕಡೆ ತಿರುಗುತ್ತಿದ್ದರು. ಅವನು ತಲೆ ಆಡಿಸಿದರೆ ಮುಗಿಯಿತು. "ಮೆಲ್ ಕಿವಿ ದಾಟಿ ಬಂದ್ರೆ ಸುಂಕದ ಕಟ್ಟೆ ದಾಟಿದ ಹಾಗೆ" ಅಂತ ಸ್ಟ್ಯಾನ್ ತಮಾಷೆ ಮಾಡುತ್ತಿದ್ದರು. ಅವರು ಎಲ್ಲದಕ್ಕೂ ತಮಾಷೆ ಮಾಡುವವರು.

ಆ ಕಿವಿಗೆ ಸಿಕ್ಕಿಬಿದ್ದವರು ನೆವ್ ಅಂಕಲ್. ಅಪ್ಪನ ಜೊತೆಗೇ ಬಸ್ ಓಡಿಸುತ್ತಿದ್ದವರು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಅವರು ತಂದ ಆಲ್ಬಮ್ಮು ಮುಗಿದಾಗ ಅಪ್ಪ ತಲೆ ಆಡಿಸಲಿಲ್ಲ.

"ಇದು ಎಲ್ಲಿಂದ ಎತ್ಕೊಂಡು ಬಂದೆ ನೆವ್? ಡ್ರಮ್ಮಿನ ಕಂಚಿನ ತಾಳದ ಸದ್ದು ಈರುಳ್ಳಿ ಹುರಿದ ಹಾಗೆ ಚುರ್ ಅಂತಿದೆ. ಇದು ಒಮ್ಮೆ ಹಿಂಡಿ ಚಿಕ್ಕದು ಮಾಡಿದ್ದು."

"ರೆಕಾರ್ಡು ನಂದು, ಇಳಿಸಿದ್ದು ನಾನು ಅಂತ ಹೇಳಿದ್ನಲ್ಲೋ."

"ಹಾಗಾದ್ರೆ ಮುಂದಿನ ವಾರ ರೆಕಾರ್ಡು ತಂದು ತೋರ್ಸು."

ನೆವ್ ಅಂಕಲ್ ಕುರ್ಚಿ ಹಿಂದಕ್ಕೆ ತಳ್ಳಿದರು. "ನನ್ನ ಮಾತು ಸಾಲ್ದಾ ನಿಂಗೆ?" ಅಂದರು. ಉಳಿದವರು ಅಪ್ಪನ ಕಡೆ ನೋಡಿ ತಲೆ ಆಡಿಸಿದರು. ಅವರು ತಮ್ಮ ಡಿಸ್ಕನ್ನೂ ಕೀಳದೆ ಹೊರಟುಹೋದರು. ಅಂದಿನಿಂದ ಭಾನುವಾರಗಳಲ್ಲಿ ಪಬ್ಬಿಗೆ ಬರುತ್ತಿದ್ದರು, ಆದರೆ ಪಬ್ಬಿನ ಮುಂಭಾಗದ ಬಾರಿನಲ್ಲಿ, ಗೋಡೆಯ ಆಚೆ, ಒಂದು ಅರ್ಧ ಗ್ಲಾಸು ಬಿಯರಿನ ಮುಂದೆ ಒಬ್ಬರೇ ಕೂರುತ್ತಿದ್ದರು. ಅವರ ಡಿಸ್ಕು ಕಪಾಟಿನಲ್ಲಿ ಸಕ್ಕರೆಯ ಡಬ್ಬಿಯ ಪಕ್ಕ ಬಿದ್ದಿತ್ತು.

ಅದಾದ ಚಳಿಗಾಲದಲ್ಲೇ ನಮ್ಮ ಮನೆಯಲ್ಲಿ ಆ ಅನಾಹುತ ಆಯಿತು. ಶೆಡ್ಡಿನಲ್ಲಿ ತೇವ ಅಂತ ಅಪ್ಪ ರೆಕಾರ್ಡುಗಳನ್ನು ಒಳಗೆ ತಂದು ಮನೆ ಬೆಚ್ಚಗಿಡುವ ಬಾಯ್ಲರಿನ ಪಕ್ಕದ ಗೂಡಿನಲ್ಲಿ ಜೋಡಿಸಿದ್ದ. ಎಲ್ಲವೂ ಕಾವಿಗೆ ಹಪ್ಪಳದ ಹಾಗೆ ಸೊಟ್ಟಗಾದವು. ಮುಳ್ಳಿಟ್ಟರೆ ಹಾರಿ ಬೀಳುತ್ತಿತ್ತು. ಪರವಾಗಿಲ್ಲ, ಇಳಿಸಿಟ್ಟದ್ದು ಇದೆಯಲ್ಲ ಅಂದುಕೊಂಡ. ಸ್ವಲ್ಪ ದಿನಕ್ಕೆ ಆ ಡಿಸ್ಕು ಮೇಜಿನಿಂದ ಬಿತ್ತು. ಒಳಗೆ ಟಿಕ್ ಟಿಕ್ ಅಂತ ಸದ್ದು ಮಾಡಿ ಸುಮ್ಮನಾಯಿತು. ಉಳಿದದ್ದು ಬಸ್ಸಿನಲ್ಲಿ ಊಟದ ಬಿಡುವಿಗೆ ಕೇಳಲೆಂದು ಹಳೆಯ ಪ್ಲೇಯರಿನಲ್ಲಿ ತುಂಬಿಟ್ಟಿದ್ದ ಚಿಕ್ಕ ಫೈಲುಗಳು ಮಾತ್ರ.

ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರನ್ನೂ ಒಂದು ಹೊಸ ಡಿಸ್ಕನ್ನೂ ಇಟ್ಟುಕೊಂಡು ಕೂತಿದ್ದ.

"ಏನಪ್ಪಾ ಅದು?"

"ಚಿಕ್ಕದನ್ನ ದೊಡ್ಡದು ಮಾಡ್ತಿದೀನಿ."

"ಎಸೆದದ್ದು ವಾಪಸ್ ಬರುತ್ತಾ?"

ಅವನು ನನ್ನ ಕಡೆ ನೋಡಲಿಲ್ಲ. "ಕೆನೆ ತೆಗೆದ ಹಾಲನ್ನ ದೊಡ್ಡ ಜಗ್ಗಿಗೆ ಸುರಿದ ಹಾಗೆ ಕಣಮ್ಮ. ಜಗ್ಗು ದೊಡ್ಡದು ಅಷ್ಟೆ." ಇನ್ನೊಂದು ಫೈಲು ತೆರೆದು, "ಏನೂ ಇಲ್ಲದೆ ಬರಿಗೈಯಲ್ಲಿ ಹೋಗಿ ಹೇಗೆ ಕೂತ್ಕೊಳ್ಲಿ ಹೇಳು. ನೆವ್‌ನ ನಾನೇ ಅಲ್ವಾ ಎಬ್ಬಿಸಿದ್ದು" ಅಂದ.

ಆ ಭಾನುವಾರ ಅವನು ಎದ್ದು ನಿಂತು ಎಂದಿನಂತೆ ಹೇಳಿದ. ಕೂರುವಾಗ ಕುರ್ಚಿಯ ಅಂಚನ್ನು ಹಿಡಿದುಕೊಂಡ. ನುಡಿದದ್ದು ಬ್ಲ್ಯಾಕ್ ಹ್ಯಾರೋ ತಂಡದ ಮೊದಲ ಆಲ್ಬಮ್ಮು. ಅದು ಅಪ್ಪನ ಹೆಮ್ಮೆಯದು. ಮುಗಿದ ಮೇಲೆ ರೇಮಂಡ್ ಕಣ್ಣೊರೆಸಿಕೊಂಡು, "ಕೇಳಿದ್ರೇನ್ರಯ್ಯಾ ಆ ತಾಳ ಹೇಗೆ ನಿಧಾನಕ್ಕೆ ಗಾಳೀಲಿ ಕರಗಿ ಹೋಯ್ತು? ಇದಕ್ಕೇ ದೊಡ್ಡ ಫೈಲು ಬೇಕು ಅನ್ನೋದು" ಅಂದರು. ಎಲ್ಲರೂ ಹೌದೌದು ಅಂದರು. ಆಮೇಲೆ ಹೊಸಬರು ಯಾರು ಬಂದರೂ ಮೊದಲು ಅದನ್ನೇ ಹಾಕಿ ಕೇಳಿಸುವುದು ರೂಢಿಯಾಯಿತು. ಅಪ್ಪನೂ ಎಲ್ಲರ ಜೊತೆ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೆಲವೊಮ್ಮೆ ಅವನ ಮುಖ ನೋಡಿದರೆ, ತಾನು ಮಾಡಿದ್ದನ್ನು ತಾನೇ ಮರೆತಿದ್ದಾನೆ ಅನ್ನಿಸುತ್ತಿತ್ತು.

ಕೋಲಿನ್ ಬಂದದ್ದು ಈ ನವೆಂಬರಿನಲ್ಲಿ. ಸ್ಟ್ಯಾಫರ್ಡಿನಿಂದ ಹೊಸದಾಗಿ ಬಂದು ನೆಲೆಸಿದವರು, ಒಳ್ಳೆಯ ಮನುಷ್ಯ. ನನ್ನ ಕೈಯಿಂದ ಕಪ್ಪು ತೆಗೆದುಕೊಳ್ಳುವಾಗ ಪ್ರತಿ ಸಲ ಹೆಸರು ಹಿಡಿದು "ಥ್ಯಾಂಕ್ಸ್ ಹೇಲಿ" ಅನ್ನುತ್ತಿದ್ದರು. ಒಂದು ಭಾನುವಾರ ಲ್ಯಾಪ್‌ಟಾಪು ತಂದರು. ಸದ್ದನ್ನು ಚಿತ್ರ ಮಾಡಿ ತೋರಿಸುವ ಏನೋ ಒಂದು ಅದರಲ್ಲಿತ್ತು.

"ತಮಾಷೆಗೆ ಅಷ್ಟೆ. ನೋಡಿ, ಇದು ನನ್ನ ಫೋನಿನ ಚಿಕ್ಕ ಫೈಲು."

ತೆರೆಯ ಮೇಲೆ ಒಲೆಯ ಉರಿಯಂಥ ಕಿತ್ತಳೆ ಬಣ್ಣ ಹರಡಿತ್ತು. ಉರಿಯ ತಲೆ ಮಾತ್ರ ಬೇಲಿ ಗಿಡ ಕತ್ತರಿಸಿದ ಹಾಗೆ ಒಂದೇ ಮಟ್ಟಕ್ಕೆ ನಿಂತಿತ್ತು. ಅದರ ಮೇಲೆ ಬರೀ ಕಪ್ಪು.

"ಒಮ್ಮೆ ಹಿಂಡಿದ್ದಾದ್ರೆ ಹೀಗೆ. ಆಮೇಲೆ ಎಷ್ಟೇ ದೊಡ್ಡದು ಮಾಡಿದ್ರೂ ಈ ಗೆರೆ ಹೋಗಲ್ಲ. ಈಗ ನಿಮ್ಮದು ಕೊಡಿ ರೇಮಂಡ್."

ರೇಮಂಡರದು ಮೇಲಿನವರೆಗೂ ನಾಲಿಗೆ ಚಾಚಿ ಉರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನನ್ನ ಎದೆ ಫೋಟೋ ತೆಗೆದಾಗ್ಲೂ ಇಷ್ಟು ಭಯ ಆಗಿರ್ಲಿಲ್ಲ ಕಣ್ರಪ್ಪಾ" ಅನ್ನುತ್ತ ಸ್ಟ್ಯಾನ್ ತಮ್ಮದನ್ನು ಕೊಟ್ಟರು. ಅದೂ ಉರಿಯಿತು.

ನಾನು ಚಹಾದ ಪಾತ್ರೆಯ ಹತ್ತಿರ ನಿಂತಿದ್ದೆ. ಅಪ್ಪ ಕೋಟಿನ ಒಳಜೇಬಿನ ಮೇಲೆ ಕೈಯಿಟ್ಟುಕೊಂಡಿದ್ದ. ಎದೆನೋವು ಬಂದವರ ಹಾಗೆ ಕಾಣುತ್ತಿದ್ದ. ಮನೆಯಲ್ಲೇ ಮರೆತು ಬಂದೆ ಅಂತ ಹೇಳಪ್ಪಾ ಅಂತ ನನ್ನ ಮನಸ್ಸು ಕೂಗುತ್ತಿತ್ತು. ಈ ಕೋಣೆಯಿಂದ ಎಬ್ಬಿಸಿದರೆ ಅವನಿಗೆ ಉಳಿಯುವುದು ಸದ್ದಿಲ್ಲದ ಟಿವಿ ಒಂದೇ.

"ಈಗ ಮೆಲ್‌ದು" ಅಂದರು ಕೋಲಿನ್.

"ತಡೀರಿ ತಡೀರಿ," ಸ್ಟ್ಯಾನ್ ಕಪಾಟಿಗೆ ಕೈ ಹಾಕಿದರು, "ರಾಜರದ್ದು ಕೊನೇಲಿರ್ಲಿ. ಮೊದ್ಲು ಕಳ್ಳಂದು ನೋಡೋಣ. ಹೇಲಿ, ಸ್ವಲ್ಪ ಜರುಗು ಪುಟ್ಟಿ." ಸಕ್ಕರೆ ಡಬ್ಬಿಯ ಪಕ್ಕದಿಂದ ನೆವ್ ಅಂಕಲ್‌ರ ಡಿಸ್ಕನ್ನು ತೆಗೆದು, ಧೂಳು ಊದಿ ಕೊಟ್ಟರು.

ಕೋಲಿನ್‌ಗೆ ಹಳೆಯ ಕತೆ ಗೊತ್ತಿರಲಿಲ್ಲ. ಸಿಕ್ಕಿಸಿದರು. ಉರಿ ಎಡದಿಂದ ಬಲಕ್ಕೆ ಹರಡುತ್ತ ಹೋಯಿತು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ನಾಲಿಗೆಗಳು ಮೇಲಿನ ಅಂಚಿನವರೆಗೂ ಹೋದವು. ಎಲ್ಲೂ ಗೆರೆ ಇರಲಿಲ್ಲ.

"ಆಹಾ, ಎಷ್ಟು ಚೆನ್ನಾಗಿ ಇಳಿಸಿದಾರೆ! ಇದ್ಯಾರದು?" ಅಂದರು ಕೋಲಿನ್.

ಸ್ಟ್ಯಾನ್ ಕೂಡ ತಮಾಷೆ ಮಾಡಲಿಲ್ಲ. ರೇಮಂಡ್ ಗಂಟಲು ಸರಿಮಾಡಿಕೊಂಡರು. "ಹೋಗ್ಲಿ ಬಿಡಿ. ಕಿವಿ ಒಂದೊಂದ್ಸಲ ಮೋಸ ಹೋಗುತ್ತೆ. ಅವತ್ತು ನೆಗಡಿ ಗಿಗಡಿ ಇತ್ತೇನೋ. ಅಲ್ವೇನೋ ಮೆಲ್?"

ಅಪ್ಪ ಎದ್ದು ನಿಂತ. ಆಣೆಯ ಮಾತು ಹೇಳಲು ನಿಲ್ಲುವ ಹಾಗೆಯೇ, ಕೈ ಕೆಳಗಿಳಿಸಿಕೊಂಡು ನಿಂತ.

"ನಂದು ಹಾಕ್ಬೇಡಿ. ಹಾಕಿ ನೋಡೋ ಅಗತ್ಯ ಇಲ್ಲ. ನಂದು ಖೋಟಾ."

"ಏನಂದೆ?"

"ಹ್ಯಾರೋ, ಉಳಿದವು, ಎಲ್ಲಾ. ರೆಕಾರ್ಡು ಬಾಯ್ಲರ್ ಕಾವಿಗೆ ಹೋದ್ವು. ಡಿಸ್ಕು ಬಿದ್ದು ಒಡೀತು. ಬಸ್ಸಲ್ಲಿ ಕೇಳ್ತಿದ್ನಲ್ಲ, ಆ ಚಿಕ್ಕವನ್ನ ಊದಿಸಿ ತಂದೆ."

ನಾನು ಎಲ್ಲರ ಮುಖ ನೋಡಿದೆ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸಿಟ್ಟಲ್ಲ. ಸ್ಟ್ಯಾನ್ ನೆಲ ನೋಡಿದರು. ಇನ್ನೊಬ್ಬರು ಕಪ್ಪಿನ ತಳ ನೋಡಿದರು. ರೇಮಂಡರ ಕುತ್ತಿಗೆ ಕೆಂಪಗಾಯಿತು.

"ಸುಮ್ನೆ ಕೂತ್ಕೋ ಮೆಲ್. ತಲೆ ಕೆಟ್ಟಿದ್ಯಾ? ಎಷ್ಟು ವರ್ಷದಿಂದ ಕೇಳ್ತಿದೀವಿ ಅದನ್ನ. ನಮಗೆ ಗೊತ್ತಾಗ್ತಿರ್ಲಿಲ್ವಾ?"

"ಗೊತ್ತಾಗ್ಲಿಲ್ಲ ರೇಮಂಡ್. ಸಂಜೆ ಕೂತು ಮಾಡಿ, ಬೆಳಿಗ್ಗೆ ಕೇಳಿದ್ರೆ ನನಗೂ ಗೊತ್ತಾಗ್ಲಿಲ್ಲ. ನೆವ್‌ದು ಕೇಳಿದಾಗ್ಲೂ ಏನೂ ಗೊತ್ತಾಗಿರ್ಲಿಲ್ಲ. ಅವತ್ತು ಡಿಪೋದಲ್ಲಿ ಅವನ ಮೇಲೆ ಏನೋ ಕೋಪ ಇತ್ತು. ಕೋಪ ಇತ್ತು, ಬಾಯಿಗೆ ಬಂತು, ಅಂದೆ. ನೀವೆಲ್ಲ ತಲೆ ಆಡಿಸಿದ್ರಿ."

"ಹಾಗಾದ್ರೆ ನೋಡೇ ಬಿಡೋಣ, ಒಂದು ನಿಮಿಷದ ಕೆಲ್ಸ" ಅಂತ ಕೋಲಿನ್ ಕೈ ಚಾಚಿದರು.

ರೇಮಂಡ್ ಲ್ಯಾಪ್‌ಟಾಪನ್ನು ಮುಚ್ಚಿದರು. ಜೋರಾಗಿ ಏನೂ ಮುಚ್ಚಲಿಲ್ಲ. "ಸಾಕು ಈ ಚಿತ್ರದ ಆಟ. ನಾವಿಲ್ಲಿ ಸೇರೋದು ಕೇಳೋದಕ್ಕೆ, ನೋಡೋದಕ್ಕಲ್ಲ. ಮೆಲ್‌ಗೆ ಮನೇಲಿ ಒಬ್ಬನೇ ಇದ್ದೂ ಇದ್ದೂ ಹೀಗಾಗಿದೆ. ಕೊಡಪ್ಪಾ ಇಲ್ಲಿ."

"ನೆವ್‌ನ ಒಳಗೆ ಕರೀರಿ ಮೊದ್ಲು."

"ಅವನು ಇದ್ದಲ್ಲಿ ಚೆನ್ನಾಗಿದಾನೆ ಬಿಡೋ."

ಅಪ್ಪನ ಜೇಬಿಗೆ ರೇಮಂಡ್ ತಾವೇ ಕೈ ಹಾಕಿದರು. ಅವನು ತಡೆಯಲಿಲ್ಲ. ದೀಪ ಆರಿಸಿ ಬ್ಲ್ಯಾಕ್ ಹ್ಯಾರೋ ಹಾಕಿದರು. ಗಿಟಾರಿನ ಮೊದಲ ಗುಡುಗು ಬಂದ ಕೂಡಲೆ ಎಲ್ಲರೂ ಕಣ್ಣು ಮುಚ್ಚಿದರು. ಅಷ್ಟು ಬಿಗಿಯಾಗಿ ಕಣ್ಣು ಮುಚ್ಚಿದ್ದನ್ನು ನಾನು ಅಲ್ಲಿ ಯಾವತ್ತೂ ನೋಡಿರಲಿಲ್ಲ. ತಾಳ ಬಂದಾಗ ರೇಮಂಡ್ ಒಂದು ಬೆರಳೆತ್ತಿ ಗಾಳಿಯಲ್ಲಿ ಹಿಡಿದರು, ಕೇಳಿ ಅನ್ನುವ ಹಾಗೆ. ಸ್ಟ್ಯಾನ್ ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು. ಕೋಲಿನ್ ಒಬ್ಬರೇ ಕಣ್ಣು ಬಿಟ್ಟುಕೊಂಡು ಮುಚ್ಚಿದ ಲ್ಯಾಪ್‌ಟಾಪನ್ನು ನೋಡುತ್ತಿದ್ದರು. ಆಮೇಲೆ ಅವರೂ ಮುಚ್ಚಿದರು.

ಹಾಡಿನ ನಡುವೆ ಎದ್ದು ಹೋಗುವಂತಿಲ್ಲ. ಅಪ್ಪ ಎದ್ದು ಹೋದ. ಯಾರೂ ಕಣ್ಣು ತೆರೆಯಲಿಲ್ಲ. ಖಾಲಿ ತಟ್ಟೆ ಹಿಡಿದು ನಾನೂ ಅವನ ಹಿಂದೆ ಹೋದೆ.

ಮುಂಭಾಗದ ಬಾರಿನಲ್ಲಿ ನೆವ್ ಅಂಕಲ್ ಕಿಟಕಿಯ ಪಕ್ಕ ಕೂತಿದ್ದರು, ಟೋಪಿ ಮೇಜಿನ ಮೇಲಿತ್ತು. ಅಪ್ಪ ಕೂರಲಿಲ್ಲ.

"ನೆವ್."

"ಏನಪ್ಪಾ, ದಾರಿ ತಪ್ಪಿತಾ? ನಿಮ್ಮ ಚರ್ಚು ಆ ಕಡೆ."

"ನಿನ್ನ ಡಿಸ್ಕು ಇವತ್ತು ನೋಡಿದ್ರು. ಮಿಷಿನ್‌ಗೆ ಹಾಕಿ. ಸರಿಯಾಗೇ ಇದೆ. ನಾನು ಅವತ್ತು ಸುಳ್ಳು ಹೇಳಿದೆ."

ನೆವ್ ಅಂಕಲ್ ಗ್ಲಾಸನ್ನು ಒಂದು ಸುತ್ತು ತಿರುಗಿಸಿದರು. "ಸರಿಯಾಗಿದೆ ಅಂತ ನಂಗೆ ಗೊತ್ತಿತ್ತು. ಇಳಿಸಿದ್ದು ನಾನಲ್ವಾ."

"ಮತ್ತೆ ಯಾಕೋ ಹೊರಟುಹೋದೆ? ರೆಕಾರ್ಡು ತಂದು ಮುಖಕ್ಕೆ ಹಿಡೀಬೇಕಿತ್ತು ನೀನು."

"ತರೋಣ ಅಂತಾನೇ ಇದ್ದೆ." ಅವರು ನನ್ನ ಕಡೆ ನೋಡಿದರು, ಮತ್ತೆ ಕಿಟಕಿಯ ಕಡೆ. "ಆ ವಾರ ಮನೇಲಿ ರೆಕಾರ್ಡು ಒಂದ್ಸಲ, ಕಂಪ್ಯೂಟರಲ್ಲಿ ಇದ್ದದ್ದು ಒಂದ್ಸಲ, ಹಾಕಿ ಹಾಕಿ ಕೇಳಿದೆ ಮೆಲ್. ಹೆಂಡ್ತಿ ಬೈದ್ಲು. ಎರಡಕ್ಕೂ ಕೂದಲಷ್ಟೂ ವ್ಯತ್ಯಾಸ ಕೇಳಿಸ್ಲಿಲ್ಲ ನಂಗೆ. ಮೆಲ್‌ಗೆ ಕೇಳಿಸುತ್ತೆ, ನಂಗೆ ಕೇಳಿಸಲ್ಲ ಅಂದ್ರೆ ನನ್ನ ಕಿವಿ ಹೋಗಿದೆ ಅಂತ ಆಯ್ತಲ್ಲ. ಬಸ್ಸಿನ ಎಂಜಿನ್ ಪಕ್ಕ ಕೂತೂ ಕೂತೂ ಹೋಯ್ತು ಅಂದ್ಕೊಂಡೆ."

ಅಪ್ಪ ಮೇಜಿನ ಮೇಲಿನ ಟೋಪಿಯನ್ನೇ ನೋಡುತ್ತ ನಿಂತ.

"ಕೇಳಿಸದೇ ಇರೋನು ಅಲ್ಲಿ ಕೂತು ಏನು ಮಾಡ್ಲಿ? ರೆಕಾರ್ಡೆಲ್ಲಾ ಹೆಂಡ್ತಿ ತಮ್ಮನಿಗೆ ಕೊಟ್ಟೆ. ಸ್ಪೀಕರೂ ಕೊಟ್ಟೆ. ಅಲ್ಲಿಂದ ಈಚೆಗೆ ಒಂದೂ ಕೇಳಿಲ್ಲ."

"ವ್ಯತ್ಯಾಸ ಇರ್ಲೇ ಇಲ್ವಲ್ಲೋ ನೆವ್. ಅದಕ್ಕೇ ಕೇಳಿಸ್ಲಿಲ್ಲ ನಿಂಗೆ."

"ಈಗ ಹೇಳ್ತಿದೀಯ."

ಗೋಡೆಯಾಚೆಯಿಂದ ಡ್ರಮ್ಮಿನ ದಿಮ್ ದಿಮ್ ಮಾತ್ರ ಬರುತ್ತಿತ್ತು. ಅಪ್ಪ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ, ಕೂರಲೇ ಅಂತ ಕೇಳುವ ಹಾಗೆ. ನೆವ್ ಅಂಕಲ್ ಟೋಪಿ ಹಾಕಿಕೊಂಡರು. ಸಿಟ್ಟಿನಿಂದಲ್ಲ; ಬಸ್ಸಿನ ಹೊತ್ತಾದಾಗ ಯಾರಾದರೂ ಏಳುವ ಹಾಗೆ ಎದ್ದರು.

"ಬರ್ತೀನಿ ಹೇಲಿ. ಅಮ್ಮನಿಗೆ ಕೇಳಿದೆ ಅಂತ ಹೇಳು" ಅಂದರು. ಗ್ಲಾಸಿನಲ್ಲಿ ಬಿಯರು ಹಾಗೇ ಇತ್ತು.

ಅಪ್ಪ ಡಿಸ್ಕಿಗೂ ಒಳಗೆ ಹೋಗಲಿಲ್ಲ. ನಾನೇ ಹೋದೆ. ಮೊದಲ ಮಗ್ಗುಲು ಮುಗಿದು ರೇಮಂಡ್ ನಿಲ್ಲಿಸಿದ್ದರು. ಡಿಸ್ಕು ವಾಪಸ್ ಕೇಳೋಣ ಅಂತ ನಿಂತೆ. "ಎರಡನೇ ಮಗ್ಗುಲು ಇದೆ ಪುಟ್ಟಿ, ಇರ್ಲಿ ಬಿಡು. ಅಪ್ಪನಿಗೆ ಹೇಳು, ಮುಂದಿನ ವಾರ ಬರ್ಲಿ. ನಾವೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ" ಅಂದರು ರೇಮಂಡ್. ದಾರಿಯಲ್ಲಿ ಅದನ್ನು ಅಪ್ಪನಿಗೆ ಹೇಳಿದೆ. ಅವನು ಕಾಲುವೆಯ ನೀರು ನೋಡುತ್ತ ನನ್ನ ಪಕ್ಕದಲ್ಲೇ ನಿಧಾನವಾಗಿ ನಡೆಯುತ್ತಿದ್ದ.

ಮುಂದಿನ ವಾರ ಅವನು ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನೆವ್ ಅಂಕಲ್ ಕೂಡ ಮುಂಭಾಗದ ಬಾರಿಗೆ ಬರುವುದನ್ನು ಬಿಟ್ಟರು. ನಾನು ಹೋಗಲೇಬೇಕಿತ್ತು, ಅದು ನನ್ನ ಕೆಲಸ. ಕೋಲಿನ್ ಈಗ ಲ್ಯಾಪ್‌ಟಾಪು ತರುವುದಿಲ್ಲ. ಚಹಾ ಕೊಟ್ಟರೆ ಹೆಸರು ಹಿಡಿದು ಥ್ಯಾಂಕ್ಸ್ ಅನ್ನುತ್ತಾರೆ, ಕಪ್ಪನ್ನೇ ನೋಡುತ್ತ.

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಮನೆಗೆ ಬಂದಾಗ ಅಪ್ಪ ಸಿಂಕಿನ ಮುಂದೆ ನಿಂತು ಆಲೂಗಡ್ಡೆ ಹೆರೆಯುತ್ತಿದ್ದ. ಗಡ್ಡ ಬೆಳ್ಳಗೆ ಬೆಳೆದಿತ್ತು. ನಾನು ಶೂ ಬಿಚ್ಚುವಾಗ ಕೇಳಿದ.

"ಏನು ಹಾಕಿದ್ರು ಇವತ್ತು?"

ಸುಳ್ಳು ಹೇಳೋಣ ಅನ್ನಿಸಿತು. ಯಾವ ಹೆಸರು ಹೇಳಬೇಕೋ ತಕ್ಷಣ ತೋಚಲಿಲ್ಲ.

"ನಿಂದೇ. ಹ್ಯಾರೋ. ಹೊಸಬರು ಯಾರೋ ಬಂದಿದ್ರು."

ಅವನು ಹೆರೆಯುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆ ಉದ್ದಕ್ಕೆ ಇಳಿದು ನೀರಿಗೆ ಬಿತ್ತು.

"ಏನಂದ್ರು?"

"ಚೆನ್ನಾಗಿದೆ ಅಂದ್ರು."

ಅಪ್ಪ ತಲೆ ಆಡಿಸಿದ. ಇನ್ನೊಂದು ಆಲೂಗಡ್ಡೆ ಎತ್ತಿಕೊಂಡು, ಮಣ್ಣು ತೊಳೆದು, ಅದರ ಕಣ್ಣುಗಳನ್ನು ಚಾಕುವಿನ ತುದಿಯಿಂದ ಒಂದೊಂದಾಗಿ ಕೀಳತೊಡಗಿದ.

"ನಿಂಗೆ ಹೇಗನ್ನಿಸ್ತು?" ಅಂದ. ಸಂಗೀತದ ವಿಷಯದಲ್ಲಿ ಅವನು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ನಾನು ಕಪ್ಪು ತೊಳೀತಿದ್ದೆ ಅಪ್ಪಾ" ಅಂದೆ.